ಕೆಂಪು ಬೋಟು, ಬೂದು ಬೋಟು

ಮಾರ್ಚ್ ೧೪, ಶನಿವಾರ

ಇವತ್ತು ತೀರ್ಮಾನ ಆಗಿಬಿಟ್ಟರೆ ನೆಮ್ಮದಿ ಅಂದುಕೊಂಡಿದ್ದೆ. ತೀರ್ಮಾನವೇನೋ ಆಯಿತು, ನೆಮ್ಮದಿ ಮಾತ್ರ ಇಲ್ಲ.

ಬೋಟು ಎಬ್ಬಿಸುವ ಅಲೆಯ ಮೇಲೆ ಹಲಗೆಯಲ್ಲಿ ಜಾರುವ ವೇಕ್‌ಬೋರ್ಡಿಂಗ್ ಕಲಿಸುವ ನಮ್ಮ ಅಕ್ಕತಂಗಿಯರ ಶಾಲೆಗೆ ಹೊಸ ಬೋಟು ಬೇಕೇ ಬೇಕು. ಹಳೆಯದು ಹೋದ ವಾರ ಸರೋವರದ ನಡುವೆ ಕೈಕೊಟ್ಟಾಗ, ಹಿಂದೆ ಹಗ್ಗ ಹಿಡಿದು ಹಲಗೆಯ ಮೇಲೆ ಬರುತ್ತಿದ್ದವಳು ಅಕ್ಕ. ಗಾಳಿ ಅವಳನ್ನು ಬಂಡೆಗಳ ಕಡೆ ತಳ್ಳುತ್ತಿತ್ತು. ನಾನು ಕೀಲಿ ತಿರುವುತ್ತಲೇ ಇದ್ದೆ, ಎಂಜಿನ್ ಕೆಮ್ಮಿತೇ ಹೊರತು ಸ್ಟಾರ್ಟ್ ಆಗಲಿಲ್ಲ. ಕೊನೆಗೆ ಮೀನುಗಾರನೊಬ್ಬ ಬಂದು ಅವಳನ್ನು ಮೇಲೆತ್ತಿಕೊಂಡ.

ಇವತ್ತು ಎರಡು ಕಂಪನಿಗಳ ಬೋಟು ಓಡಿಸಿ ನೋಡಿದೆವು. ಕೆಂಪು ಬೋಟಿಗೆ ಅಕ್ಕ ಮರುಳಾದಳು. ಅದು ಎಬ್ಬಿಸುವ ಅಲೆ ನಿಜಕ್ಕೂ ಚೆಂದ. ಆದರೆ ಜೋರಾಗಿ ತಿರುಗಿಸಿದಾಗ ಅದರ ತಳ ಕಿರ್ರೆಂದಿತು, ಸೀಟಿನ ಮುಚ್ಚಳದ ಸ್ಕ್ರೂ ಹೊಸದರಲ್ಲೇ ಸಡಿಲ. ಬೂದು ಬಣ್ಣದ್ದು ಎಮ್ಮೆಯ ಹಾಗೆ ಮಂದ, ಆದರೆ ಎಲ್ಲೂ ಗಡಗಡ ಅನ್ನಲಿಲ್ಲ. ವರ್ಷಗಟ್ಟಲೆ ಓಡಿಸಿದವರೂ ಅದರ ಎಂಜಿನ್ ಬಗ್ಗೆ ದೂರು ಹೇಳುವುದಿಲ್ಲ.

"ಬೂದು ಬಣ್ಣದ್ದೇ ಇರ್ಲಿ ಅಕ್ಕಾ," ಅಂದೆ.

"ನೀರಲ್ಲಿ ಬಿದ್ದಿದ್ದು ನಾನು, ಹೆದರಿ ಕೂತಿರೋದು ನೀನು!" ಎಂದು ನಕ್ಕಳು. ಆಮೇಲೆ ನನ್ನ ಮುಖ ನೋಡಿ, "ಸರಿ ಕಣೇ, ನಿಂಗೆ ಧೈರ್ಯ ಬರೋದನ್ನೇ ತಗೊಳ್ಳೋಣ," ಅಂದಳು.

ಈಗ ಅವಳು ಪಕ್ಕದ ಕೋಣೆಯಲ್ಲಿ ಗೊರಕೆ ಹೊಡೆಯುತ್ತಿದ್ದಾಳೆ. ನನಗೆ ಮಗ್ಗುಲು ಬದಲಿಸಿ ಸಾಕಾಯಿತು. ಎಷ್ಟು ಗಟ್ಟಿ ಬೋಟಾದರೂ ಒಂದು ದಿನ ನಿಂತೀತು. ಬೆಳಗ್ಗೆ ಹೇಳಲೇಬೇಕು, ಸ್ವಲ್ಪ ದಿನ ಸ್ಟಿಯರಿಂಗ್ ನೀನು ಹಿಡಿ, ಹಗ್ಗ ನಾನು ಹಿಡಿಯುತ್ತೇನೆ ಅಂತ. ನೀರಿನಲ್ಲಿರುವುದು ಕಷ್ಟವೇ ಅಲ್ಲ, ನೀರಿನಲ್ಲಿರುವವಳನ್ನು ನೋಡುತ್ತಾ ಕೂರುವುದು ಕಷ್ಟ.