ಫ್ರೆಂಚಿಗೆ ಒತ್ತಕ್ಷರವಿಲ್ಲ

4-6-1956, ಸೋಮವಾರ

ಬರೆಯಬೇಕಂತೆ. ಮಗಳು ಪುಟ್ಟತಾಯಮ್ಮನ ಕಾಟ. "ಮನೇಲಿ ಕೂಗಾಡೋ ಬದ್ಲು ಬರ್ದ್ಬುಡಪ್ಪ" ಅಂತ ನೋಟ್‌ಬುಕ್ ಕೈಗಿಟ್ಟಳು. ಮೂರನೇ ಕ್ಲಾಸಿಗೇ ಸ್ಕೂಲು ಬಿಟ್ಟವನಿಗೆ ಇದೊಂದು ಶಿಕ್ಷೆ.

ನಜರ್‌ಬಾದಿನ ಪ್ರೆಸ್ಸಿನಲ್ಲಿ ಅಚ್ಚಿನ ಮೊಳೆ ಜೋಡಿಸಿ ಮೂವತ್ತು ವರ್ಷ. ಈಗ ಕಾಲೇಜಿನ ಶಾರದಮ್ಮನವರ ಫ್ರೆಂಚ್ ಪಾಠದ ಪುಸ್ತಕ. ಅಕ್ಷರ ನೋಡಿ ಜೋಡಿಸುತ್ತೇನೆ, ಓದಲು ಬಾರದು. ಮಾರುದ್ದ ಪದಗಳು. ಸಾಲಿನ ಕೊನೆಯಲ್ಲಿ ಮುರಿಯದೆ ಗತಿಯಿಲ್ಲ.

ಪ್ರೂಫ್ ನೋಡುವ ಬಿಂದುಮಾಧವ ಕೆಂಪು ಗೀಟು ಹಾಕಿ ತಂದ. ಒಂದೇ ಪುಟದಲ್ಲಿ ಹದಿನಾಲ್ಕು!

"ಜವರಯ್ಯನವರೇ, parlement ಪದಾನ pa-rlement ಅಂತ ಮುರಿದಿದ್ದೀರಲ್ಲ. par-lement ಆಗ್ಬೇಕು."

"ಪಾರ್ಲಿಮೆಂಟು ಅಂತ ಎಂಗ್ರೀ ಬರೀತೀರಿ? ಪಾ, ಆಮೇಲೆ ರ್ಲಿ. ಒತ್ತಕ್ಷರಾನ ಯಾರಾದ್ರೂ ಒಡೀತಾರಾ?"

"ಫ್ರೆಂಚಿಗೆ ಒತ್ತಕ್ಷರ ಇಲ್ಲ ಕಣ್ರೀ."

"ನೀವು ಹುಟ್ಟೋಕ್ ಮುಂಚೆ ಮೊಳೆ ಹಿಡ್ದೋನು ನಾನು. ಓಗ್ರೀ, ಓಗಿ."

ಪ್ರೂಫು ಮುದುರಿ ಕಸದ ಬುಟ್ಟಿಗೆ ಎಸೆದೆ. ಒಂದನ್ನೂ ತಿದ್ದಲಿಲ್ಲ.

11-6-1956

ಅಚ್ಚಾದ ಪುಟ ಹಿಡಿದು ಶಾರದಮ್ಮನವರು ಬಂದರು. ಕೂಗಾಡಲಿಲ್ಲ. ಕೂಗಾಡಿದ್ದರೆ ಚೆನ್ನಾಗಿತ್ತು. anticonstitutionnellement ಅನ್ನುವ ಪದ ತೋರಿಸಿದರು.

"anti ಅಂದ್ರೆ ವಿರುದ್ಧ, constitution ಸಂವಿಧಾನ. ಕೊನೇ ment ನಮ್ಮ 'ಆಗಿ' ಇದ್ದ ಹಾಗೆ. ಎರಡು n ಬಂದ್ರೆ ಒಂದು ಮೇಲೆ, ಒಂದು ಕೆಳಗೆ. ನೀವು ಮುರಿದಿರೋ ಹಾಗೇ ಬಿಟ್ರೆ ಮಕ್ಕಳು ತಪ್ಪನ್ನೇ ಕಲೀತಾರೆ."

ನಾನು ಎರಡನ್ನೂ ಕೆಳಗಿನ ಸಾಲಿಗೆ ತಳ್ಳಿದ್ದೆ. 'ನ್ನೆ' ಅಲ್ಲವೇ...

ಮಾಲೀಕ ರಾಮಸ್ವಾಮಿಗಳು ಕೇಳಿದರು, "ಪ್ರೂಫ್ ಯಾಕೆ ತಿದ್ದಲಿಲ್ಲ?"

"ಪ್ರೂಫಲ್ಲಿ ಗುರ್ತೇ ಇರ್ಲಿಲ್ಲ ಸ್ವಾಮಿ."

ಬಾಯಿಂದ ಬಂದೇಬಿಟ್ಟಿತು. ಬಿಂದುಮಾಧವ ನನ್ನ ಮುಖ ನೋಡಿದ. ಸಂಜೆ ಅವನನ್ನು ಕೆಲಸದಿಂದ ತೆಗೆದರು.

15-6-1956

ಮೂರು ದಿನ ಈ ನೋಟ್‌ಬುಕ್ ಮುಟ್ಟಲಿಲ್ಲ. ಬರೆದರೆ ಓದಬೇಕಾಗುತ್ತದೆ.

ಇವತ್ತು ಬಿಂದುಮಾಧವನ ಮನೆಗೆ ಹೋದೆ. ಬೈಯಲಿ ಅಂತಲೇ ಹೋದದ್ದು. ಚಾಪೆ ಹಾಸಿದ. ಕಾಫಿ ತಂದಿಟ್ಟ. ಲೋಟ ಎತ್ತಲು ಕೈ ಬರಲಿಲ್ಲ.

"ನನ್ನ ಮೇಲೆ ಹಾಕಿದ್ರಿ, ಆಯ್ತು. ಪದಗಳನ್ನ ಸರಿ ಮಾಡಿದ್ರಾ?"

"ಮಾಡ್ತಾ ಇವ್ನಿ..."

"ಹಾಗಾದ್ರೆ ಕಾಫಿ ಕುಡೀರಿ. ಆರಿಹೋಗುತ್ತೆ."

ಥೂ. ನನ್ನ ವಯಸ್ಸಿಗಿಷ್ಟು ಬೆಂಕಿ ಹಾಕ.

16-6-1956, ಬೆಳಿಗ್ಗೆ

ಮಾಲೀಕರ ಎದುರು ನಿಂತು ನಿಜ ಹೇಳಿದೆ. "ನೋಡೋಣ ಹೋಗಯ್ಯ" ಅಂದರು. ನೋಡುವುದೇನು? ಅವರ ಮೇಜಿನ ಮೇಲೆ ಚೀಟಿ ಇಟ್ಟು ಬಂದೆ. ಅದರಲ್ಲಿ ಬರೆದದ್ದು —

ಗುರುತು ಇತ್ತು. ತಿದ್ದದೆ ಬಿಟ್ಟವನು ನಾನು. ಸುಳ್ಳು ಹೇಳಿದವನೂ ನಾನೇ. ಬಿಂದುಮಾಧವರನ್ನು ವಾಪಸು ಕರೆಯುತ್ತೀರೋ ಇಲ್ಲವೋ? ಇಪ್ಪತ್ತನೇ ತಾರೀಕಿನೊಳಗೆ ಉತ್ತರ ಬೇಕು.