ಅವ್ವಮ್ಮ ಕೇಳಿದ ಜಾಗ

ಜೂನ್ 9, ಸೋಮವಾರ

ಬೆಳಗ್ಗೆ ನನ್ನಜ್ಜಿ ಅವ್ವಮ್ಮನಿಗೆ ಎರಡು ಚಮಚ ಗಂಜಿ. ಮೂರನೆಯದನ್ನು ಉಗುಳಿದಳು. ಆಕ್ಸಿಜನ್ 86. ಡಾಕ್ಟರ್ ಪ್ರಕಾರ ಹೆಚ್ಚೆಂದರೆ ಒಂದು ವಾರ. ಖರಾಡಿಯ ನನ್ನ ಆಫೀಸಿಗೆ ಮತ್ತೆ ರಜೆ ಹಾಕಿದೆ.

ಬಾಯಿ ಒರೆಸುವಾಗ ಅವ್ವಮ್ಮ ಕೈ ಹಿಡಿದಳು. "ಶೈಲಾ, ನಿಮ್ಮ ಅಜ್ಜಾರ ಬಾಜೂಕ ನನ್ನ ಇಡಬ್ಯಾಡ್ರಿ. ಸಣ್ಣ ಚರ್ಚಿನ ಮಣ್ಣಾಗ ಇಡ್ರಿ."

ಸಣ್ಣ ಚರ್ಚ್ ಎಂದರೆ ಖಡಕಿಯ ಪ್ರೊಟೆಸ್ಟಂಟರದು. ನಾವು ಕ್ಯಾಥೊಲಿಕ್. ತೊಂಬತ್ತರ ಮುದುಕಿ, ಕೈಯಲ್ಲಿ ಜಪಮಾಲೆ ಬೇರೆ... ಏನಿದು?

ತಮ್ಮ ಅವಿನಾಶ್ ನಮ್ಮ ದೊಡ್ಡ ಚರ್ಚಿನ ಕಮಿಟಿಯವನು. ಫೋನಿನಲ್ಲೇ ಕೆಂಡವಾದ. "ಹನ್ನೊಂದು ವರ್ಷದಿಂದ ಅಜ್ಜನ ಬಾಜೂಕ ಜಾಗ ಹಿಡದಿಟ್ಟೀವಿ. ಆಕಿಗೆ ಅರಳು ಮರಳು. ಆಕಿ ಜೋಡಿ ನೀನೂ ಕುಣೀಬ್ಯಾಡ."

ಜೂನ್ 10

ಸಣ್ಣ ಚರ್ಚಿಗೆ ಹೋದೆ. ಪಾಸ್ಟರ್ ಬೆಳಗಾವಿ ಕಡೆಯವರು. ಹೊಸ ಸಮಾಧಿಗೆ ಜಾಗವಿಲ್ಲ ಎಂದರು. ಮನೆಯವರ ಹಳೆಯ ಸಮಾಧಿ ಇದ್ದರೆ ಅದನ್ನೇ ತೆರೆಯಬಹುದು. "ನಿಮ್ಮವರು ಯಾರರ ಅದಾರೇನ್ರಿ ಇಲ್ಲಿ?" ಇಲ್ಲ ಎಂದೆ.

ಆದರೂ ದೀಕ್ಷಾಸ್ನಾನದ ರಿಜಿಸ್ಟರ್ ತಿರುವಿದೆ. 1959— ನಮ್ಮಪ್ಪನ ಹೆಸರು! ಅಜ್ಜ ಹುಲಿಗೆಪ್ಪನ ಹೆಸರು, ಅವನ ಫ್ಯಾಕ್ಟರಿ ಕ್ವಾರ್ಟರ್ಸ್ ನಂಬರ್, ಎಲ್ಲ ಸರಿ. ಆದರೆ ಅಪ್ಪನ ಕ್ಯಾಥೊಲಿಕ್ ದೀಕ್ಷಾಸ್ನಾನದ ಪತ್ರ ಮನೆ ಗೋಡೆ ಮೇಲಿದೆ. 1964ರದು. ಒಬ್ಬ ಮನುಷ್ಯನಿಗೆ ಎರಡು ಸಲ? ಕೇಳೋಣವೆಂದರೆ ಅಪ್ಪನೂ ಇಲ್ಲ, ಅಜ್ಜನೂ ಇಲ್ಲ, ಅವ್ವಮ್ಮ ಮಂಪರಿನಲ್ಲಿದ್ದಾಳೆ.

ಅವಿನಾಶ್‌ಗೆ ಫೋಟೊ ಕಳಿಸಿದೆ. ನೋಡಿದ.

ಜೂನ್ 12

ನಿನ್ನೆ ಇಡೀ ದಿನ ಅವ್ವಮ್ಮ ಕಣ್ಣು ಬಿಡಲಿಲ್ಲ. ಇವತ್ತು ಮತ್ತೆ ಸಣ್ಣ ಚರ್ಚಿಗೆ. ಅಲ್ಲಿನ ಆಫೀಸಿನ ರಂಗೂಬಾಯಿ ಗದರಿದರು. "ಮೂರು ತಾಸಾತು, ಹುಟ್ಟಿದವರನ್ನ ಹುಡುಕಾಕತ್ತೀರಿ. ಸತ್ತವರ ರಿಜಿಸ್ಟರ್ ನೋಡ್ರಿ."

1956. ಹೆಣ್ಣು ಕೂಸು. ವಯಸ್ಸು ಒಂದು ದಿನ. ತಂದೆ ಹುಲಿಗೆಪ್ಪ, ಫ್ಯಾಕ್ಟರಿ. ಹೆಸರಿನ ಕಾಲಂ ಖಾಲಿ.

ನನ್ನಜ್ಜನೇ.

ಮನೆಗೆ ಬಂದು ಅವ್ವಮ್ಮನ ಕಿವಿಯಲ್ಲಿ ಹೇಳಿದೆ. ಕಣ್ಣು ಬಿಟ್ಟಳು. ತಡೆದು ತಡೆದು ಹೇಳಿದಳು. "ದೀಕ್ಷಾಸ್ನಾನ ಆಗೂಕಿಂತ ಮೊದ್ಲ ಕೂಸು ಹೋತು. ಅದಕ್ಕ ದೊಡ್ಡ ಚರ್ಚಿನ ಫಾದರ್ ಮಣ್ಣು ಕೊಡಲಿಲ್ಲ. ಅಜ್ಜಾರು ಟವೆಲ್‌ನಾಗ ಸುತ್ತಿಕೊಂಡು ಸಣ್ಣ ಚರ್ಚಿಗೆ ನಡಕೋತ ಹೋದ್ರು. ಅಲ್ಲಿಯವರು ಏನೂ ಕೇಳದ ಮಣ್ಣು ಕೊಟ್ರು."

ಅಲ್ಲಿಂದ ಎಂಟು ವರ್ಷ ಅಜ್ಜ, ಅಜ್ಜಿ ಇಬ್ಬರೂ ಸಣ್ಣ ಚರ್ಚಿನವರೇ. ಅಪ್ಪನಿಗೆ ಅಲ್ಲೇ ದೀಕ್ಷಾಸ್ನಾನ. ಆಮೇಲೆ ಅಪ್ಪನಿಗೆ ಕ್ಯಾಥೊಲಿಕ್ ಶಾಲೆಯ ಸೀಟು ಬೇಕಾಗಿ ಅಜ್ಜ ದೊಡ್ಡ ಚರ್ಚಿಗೆ ಮರಳಿದ. ಅಲ್ಲಿ ಮಗನಿಗೆ ಮತ್ತೊಮ್ಮೆ ದೀಕ್ಷಾಸ್ನಾನದ ನೀರು ಹಾಕಿದರು.

"ನಾನೂ ಬಂದೆ. ಕೂಸು ಅಲ್ಲೇ ಉಳೀತು."

ಪ್ರತಿ ಭಾನುವಾರ ಆ ಕಾಂಪೌಂಡ್ ದಾಟಿಯೇ ಪೂಜೆಗೆ ಹೋಗಿದ್ದೇವೆ. ನನಗೆ ತುಂಬ ಅಳು ಬಂತು.

ಜೂನ್ 13, ಮಧ್ಯಾಹ್ನ 3:20

ಕೂಸಿನ ಸಮಾಧಿಯನ್ನೇ ತೆರೆಯಲು ಪಾಸ್ಟರ್ ಒಪ್ಪಿದರು. ಫಾರ್ಮಿಗೆ ಇಬ್ಬರೂ ಮೊಮ್ಮಕ್ಕಳ ಸಹಿ ಬೇಕು, ಅದೂ ಇವತ್ತೇ; ನಾಳೆ ಚರ್ಚ್ ಆಫೀಸಿಗೆ ರಜೆ. ರಿಜಿಸ್ಟರಿನ ಫೋಟೊ, ಅವ್ವಮ್ಮ ಹೇಳಿದ್ದು, ಎಲ್ಲ ಅವಿನಾಶ್‌ಗೆ ಕಳಿಸಿದೆ. ನಾಲ್ಕು ಸಲ ಫೋನ್. ಎತ್ತಲಿಲ್ಲ. ಅವ್ವಮ್ಮನ ಒಂದು ಉಸಿರಿಗೂ ಇನ್ನೊಂದಕ್ಕೂ ನಡುವೆ ನಾನು ಎಣಿಸುತ್ತಿದ್ದೇನೆ. ಹತ್ತು... ಹನ್ನೊಂದು...

4:45

ಬಂದ. ಬೂಟು ಕಳಚಲಿಲ್ಲ. ಮಂಚದ ಹತ್ತಿರ ಕೂತು ಫಾರ್ಮ್ ತೊಡೆ ಮೇಲಿಟ್ಟುಕೊಂಡ. 'ಸಮಾಧಿಯಲ್ಲಿ ಈಗಾಗಲೇ ಇರುವವರ ಹೆಸರು'— ಅಲ್ಲಿ ಪೆನ್ನು ನಿಂತಿತು.

"ಅಕ್ಕಾ, ಅತ್ತಿ ಹೆಸರು ಏನಂತ ಬರೀಲಿ?"

ಆ ಒಂದು ದಿನದ ಕೂಸಿಗೆ ಅತ್ತಿ ಅಂದ.

ಅವ್ವಮ್ಮನ ತುಟಿ ಅಲುಗಿತು. "ಪುಟ್ಟಿ."

ಬರೆದ. ಸಹಿ ಹಾಕಿದ. ಚರ್ಚ್ ಆಫೀಸು ಐದಕ್ಕೆ ಮುಚ್ಚುತ್ತದೆ, ಓಡಬೇಕು. ಅವ್ವಮ್ಮ ಇನ್ನೂ ಉಸಿರಾಡುತ್ತಿದ್ದಾಳೆ.