ಮೇಲ್ಮನೆಯ ಬಾಟಲಿ

ಮಾರ್ಚ್ 3, ಭಾನುವಾರ, ಸಂಜೆ

ಇವತ್ತೂ ಇಸ್ತ್ರಿ ಅಂಗಡಿಯ ಮೇಲಿನ ಮನೆಗೆ ಹೋಗಿದ್ದೆ. ಬರೀ ನೀರಿನಲ್ಲಿ ಕೈ ತೊಳೆದುಕೊಂಡು. ಸೋಪು ಹಚ್ಚಬಾರದು, ತಲೆಗೆ ಎಣ್ಣೆ ಹಾಕಬಾರದು. ಬೇರೆ ವಾಸನೆ ಬೆರೆಯಬಾರದು ಅಂತ ಮೇಲ್ಮನೆಯ ಸರ್ ಮಾಡಿದ ಕಟ್ಟಳೆ. ಆದರೂ ವಾರವೆಲ್ಲ ಇಸ್ತ್ರಿ ಮಾಡಿದ ಬಲಗೈಯಿಂದ ಗಂಜಿಯ ವಾಸನೆ ಹೋಗುವುದಿಲ್ಲ. ಗ್ಲಾಸು ಎಡಗೈಯಲ್ಲಿ.

ಸರ್ ವಿಸ್ಕಿ ಕಂಪನಿಯಲ್ಲಿ ರುಚಿ ನೋಡುವ ಕೆಲಸದಲ್ಲಿದ್ದವರು. ಹೋದ ವರ್ಷ ಜ್ವರ ಬಂದು ವಾಸನೆ, ರುಚಿ ಎರಡೂ ಹೋದವು. ರಿಟೈರ್ ಆದಾಗ ಕೊಟ್ಟ ಬಾಟಲಿ ಒಂದಿತ್ತು. ಸಿಂಗಲ್ ಮಾಲ್ಟ್ ಸ್ಕಾಚ್. ಒಂದೇ ಭಟ್ಟಿಯದು, ಬೇರೆ ಭಟ್ಟಿಯದನ್ನು ಬೆರೆಸಿಲ್ಲ, ಅದಕ್ಕೇ ಸಿಂಗಲ್. ಈಗ ನಾನು ಕುಡಿದು ಹೇಳಬೇಕು, ಅವರು ಕೇಳಬೇಕು. ಅಂಗಿ ಕೊಡಲು ಹೋದಾಗ, "ನಿನ್ನ ಮೂಗು ಹೇಗಿದೆಯೋ?" ಅಂದಿದ್ದರು. ಶೀತ ಇಲ್ಲ ಸರ್ ಅಂದಿದ್ದೆ. ಅಲ್ಲಿಂದ ಶುರುವಾಯಿತು.

"ಏನು ಬರ್ತಿದೆ?"

"ಹೊಗೆ, ಸರ್."

"ಹೊಗೆ ಅಂದ್ರೆ? ಒಲೆದಾ, ಸಿಗರೇಟಿಂದಾ?"

ಇನ್ನೊಮ್ಮೆ ಮೂಗಿಟ್ಟೆ. ಆಮೇಲೆ ಹೇಳಿದೆ. ಉಣ್ಣೆ ಕೋಟಿನ ಮೇಲೆ ಇಸ್ತ್ರಿ ಒಂದು ಗಳಿಗೆ ಜಾಸ್ತಿ ನಿಂತರೆ ಬರುತ್ತಲ್ಲ, ಅದು.

ಸರ್ ಕಣ್ಣು ಮುಚ್ಚಿ ನಕ್ಕರು. "ಯಾರ ಕೋಟು ಸುಟ್ಟೆ?"

"ಸುಡಲಿಲ್ಲ ಸರ್. ಸುಡೋದ್ರಲ್ಲಿತ್ತು."

"ಅದೇ ಕಣೋ ಇದು. ಸುಡೋದ್ರಲ್ಲಿರೋ ವಾಸನೆ."

ಎದ್ದಾಗ ಇನ್ನೊಂದು ಕಟ್ಟಳೆ ಹೇಳಿದರು. "ಗ್ಲಾಸ್ ನೋಡಿ ಹೇಳು, ನನ್ನ ಮುಖ ನೋಡಿ ಹೇಳ್ಬೇಡ. ನನ್ನನ್ನ ಖುಷಿಪಡಿಸೋಕೆ ಹೇಳಿದ ದಿನ ಬಾಗಿಲು ಹಾಕ್ತೀನಿ."

ಮಾರ್ಚ್ 6, ಬುಧವಾರ

ಗ್ಲಾಸು ವಾಲಿಸಿ ನೆಟ್ಟಗೆ ಮಾಡಿದರೆ ಒಳಗೆ ಎಣ್ಣೆಯಂಥ ಗೆರೆಗಳು ಇಳಿಯುತ್ತವೆ. ಅವರ ಕೆಲಸದಲ್ಲಿ ಅದಕ್ಕೆ ಕಾಲು ಅನ್ನುತ್ತಾರೆ. ನಿಧಾನಕ್ಕೆ ಇಳಿದರೆ ಒಳಗೆ ಸತ್ವ ಇದೆ ಅಂತ. ಮೂಗಿಡುವಾಗ ಬಾಯಿ ಸ್ವಲ್ಪ ತೆರೆದಿರಬೇಕು. ಕುಡಿದ ಕೂಡಲೇ ನುಂಗಬಾರದು.

ಮಾಗಿದ ಪೇರಳೆ. ಹಳೆ ಬೀರುವಿನ ಒಳಗಿನ ಮರ. ಕೊನೆಗೆ ನಾಲಗೆಯ ತುದಿಯಲ್ಲಿ ಉಪ್ಪು.

"ಎಂಥ ಉಪ್ಪು?" ಅಂದರು. ಸುಮ್ಮನೆ ಉಪ್ಪು, ಸರ್, ಅಂದೆ. ಎಂಥದ್ದು ಅಂತ ಗೊತ್ತಿತ್ತು. ಹೇಳಲು ನಾಚಿಕೆಯಾಯಿತು.

ಮಾರ್ಚ್ 10, ಭಾನುವಾರ

ಬೆಳಿಗ್ಗೆ ಅಕ್ಕನ ಫೋನು.

"ಅಲ್ಲಿ ಯಾರ ಜೊತೆ ಮಾತಾಡ್ತೀಯೋ?"

"ಅಂಗಿಗಳ ಜೊತೆ."

"ಕಾಲರ್ ಏನಾದ್ರೂ ಉತ್ತರ ಕೊಡುತ್ತಾ?"

ನಕ್ಕೆವು. ಸರ್ ವಿಷಯ ಹೇಳಲಿಲ್ಲ. ವಿಸ್ಕಿ ಅಂದರೆ ಸಾಕು, ಭಾವ ನಾಳೆಯೇ ಬಸ್ ಹತ್ತಿ ಬರುತ್ತಾರೆ.

ಅಂಗಡಿಯ ಯಜಮಾನಿಗೆ ಮಾತ್ರ ಗೊತ್ತು. ನಿನ್ನೆ ಪರದೆ ಮಡಚುತ್ತಾ ಅಂದರು, "ಬಾಟಲಿ ಮುಗಿದ ಮೇಲೆ ನಿನ್ನ ಗುರುತಾದ್ರೂ ಹಿಡೀತಾರಾ ನೋಡು."

ಬಾಟಲಿಯಲ್ಲಿ ವಿಸ್ಕಿ ಲೇಬಲ್ಲಿಗಿಂತ ಕೆಳಗೆ ಇಳಿದಿದೆ. ಇವತ್ತು ತುಟಿ ಒದ್ದೆಯಾಗುವಷ್ಟೇ ಕುಡಿದೆ. ಉಳಿದದ್ದನ್ನು ವಾಪಸ್ ಸುರಿಯಲೇ ಸರ್ ಅಂದರೆ ಬೈದರು.

ಮಾರ್ಚ್ 17, ಭಾನುವಾರ

ಬಾಟಲಿ ಇಳಿದೇ ಇಲ್ಲ. ಬಾಗಿಲಲ್ಲೇ ನೋಡಿದೆ. ಖುಷಿಯಾಯಿತು.

ಗ್ಲಾಸು ವಾಲಿಸಿದೆ. ಕಾಲುಗಳು ನೀರಿನ ಹಾಗೆ ಓಡಿ ಇಳಿದವು. ಹೊಗೆ ಎಲ್ಲೋ ದೂರ, ಪಕ್ಕದ ಬೀದಿಯಲ್ಲಿರುವ ಹಾಗೆ. ನನಗೇ ಶೀತವಿರಬೇಕು ಅಂದುಕೊಂಡೆ. ಇನ್ನೊಂದು ಸಲ ಮೂಗಿಟ್ಟೆ. ಆರಿದ ಟೀ.

ಏನೋ ಹೇಳಿ ಬಂದೆ.

ಮಾರ್ಚ್ 20, ಬುಧವಾರ

ಈಗ ಬಾಟಲಿ ಏರಿದೆ. ಮುಗಿಯಬಾರದು ಅಂತ ನೀರು ಬೆರೆಸಿ, ಬಣ್ಣಕ್ಕೆ ಟೀ ಡಿಕಾಕ್ಷನ್ ಹಾಕಿದ್ದಾರೆ. ಅಷ್ಟು ವರ್ಷ ರುಚಿ ನೋಡುವ ಕೆಲಸ ಮಾಡಿದವರು. ಅವರಿಗೆ ನೀರೂ ಒಂದೇ ಇದೂ ಒಂದೇ... ನನಗೂ ಹಾಗೇ ಅಂದುಕೊಂಡರೇನೋ.

"ಹೊಗೆ ಇದೆಯಾ?" ಅಂದರು. ಸ್ವರ ಸಣ್ಣದಾಗಿತ್ತು.

"ಇದೆ ಸರ್. ಚೆನ್ನಾಗಿದೆ."

ಅವರ ಮುಖ ನೋಡಿಯೇ ಹೇಳಿದ್ದು.

ಮಾರ್ಚ್ 24, ಭಾನುವಾರ

ಹೇಳಿಬಿಟ್ಟೆ.

"ನೀರು ಸೇರಿದೆ ಸರ್. ಟೀ ಕೂಡ."

ಕಿಟಕಿಯ ಕಡೆ ತಿರುಗಿದರು.

"ಯಾವಾಗಿನಿಂದ ಗೊತ್ತು?"

"ಹೋದ ಭಾನುವಾರದಿಂದ."

"ಮತ್ತೆ ಬುಧವಾರ ಚೆನ್ನಾಗಿದೆ ಅಂದೆ?"

ಗ್ಲಾಸು ಮೇಜಿನ ಮೇಲಿಟ್ಟೆ. ಅವರು ಬಾಟಲಿ ಎತ್ತಿಕೊಂಡು ಸಿಂಕಿಗೆ ಬಗ್ಗಿಸಿದರು. ಗುಳುಗುಳು ಶಬ್ದ ಮುಗಿಯುವ ತನಕ ಇಬ್ಬರೂ ನಿಂತೆವು.

"ಪರೀಕ್ಷೆ ಪಾಸಾದೆ ಕಣಪ್ಪ. ಇನ್ನು ನೀನು ಬರಬೇಕಾಗಿಲ್ಲ."

ನನ್ನ ಗ್ಲಾಸು ಮೇಜಿನ ಮೇಲೇ ಉಳಿಯಿತು. ತೊಳೆದಿಡಲು ಕೈ ಬರಲಿಲ್ಲ.

ಏಪ್ರಿಲ್ 5, ಶುಕ್ರವಾರ

ಬರೆಯಲು ಏನೂ ಇರಲಿಲ್ಲ.

ಸರ್ ಅಂಗಿಗಳು ವಾಚ್‌ಮನ್ ಕೈಯಲ್ಲಿ ಬರುತ್ತವೆ, ಅವನ ಕೈಯಲ್ಲೇ ಹೋಗುತ್ತವೆ. ಮೆಟ್ಟಿಲಲ್ಲಿ ಅವರ ಕೆಮ್ಮು ಕೇಳಿದರೆ ಇಸ್ತ್ರಿಯ ಸ್ಟೀಮ್ ನಿಲ್ಲಿಸುತ್ತೇನೆ. ಕೆಮ್ಮು ಕೆಳಗೆ ಇಳಿದು ಗೇಟಿನ ಕಡೆ ಹೋಗುತ್ತದೆ.

ಇವತ್ತಿನ ಗಂಟು ಬಿಚ್ಚಿದೆ. ನೀಲಿ ಗೆರೆಯ ಅಂಗಿ. ತೋಳನ್ನು ಒಳಗೆ ಸೇರಿಸಿ ಮಡಚುವುದು ಈ ಅಂಗಡಿಯಲ್ಲಿ ನಾನೊಬ್ಬನೇ. ನಾನು ಮಡಚಿದ ಮಡಿಕೆ ಹಾಗೇ ಇತ್ತು. ತೊಟ್ಟಿಲ್ಲ. ಬಿಚ್ಚಿಯೂ ಇಲ್ಲ.

"ಒಗೆದದ್ದನ್ನೇ ಒಗೆಯೋಕೆ ಕಳಿಸಿದ್ದಾರೆ, ತಲೆ ಕೆಟ್ಟಿದೆಯಾ ಅವರಿಗೆ?" ಅಂದರು ಯಜಮಾನಿ.

ಇಲ್ಲ ಅಂದೆ. ವಾಚ್‌ಮನ್‌ಗೆ ಕೊಡಬೇಡಿ ಇದನ್ನ, ನಾನೇ ಕೊಡ್ತೀನಿ.

ಏಪ್ರಿಲ್ 7, ಭಾನುವಾರ, ಸಂಜೆ

ಬರೀ ನೀರಿನಲ್ಲಿ ಕೈ ತೊಳೆದೆ. ಅಂಗಿ ಹಿಡಿದು ಹೋದೆ.

ಸರ್ ಅಂಗಿ ತೆಗೆದುಕೊಂಡು ಬಾಗಿಲಲ್ಲೇ ನಿಂತರು. ನಾನೂ ನಿಂತೆ. ಅವರ ಹಿಂದೆ ಮೇಜು ಕಾಣುತ್ತಿತ್ತು. ಗ್ಲಾಸು ಅವತ್ತು ಇಟ್ಟಲ್ಲೇ ಇತ್ತು.

"ತೊಳೆದಿಲ್ವಾ ಸರ್?"

"ಯಾರಿಗೋಸ್ಕರ ತೊಳೆಯೋದು?" ಅಂದರು. ಪಕ್ಕಕ್ಕೆ ಸರಿದು ಜಾಗ ಬಿಟ್ಟರು. "ಕಂಪನಿಯಲ್ಲಿ ಒಣಗಿದ ಗ್ಲಾಸಿಗೂ ಮೂಗಿಡ್ತಿದ್ವಿ ನಾವು. ಇಷ್ಟು ದಿನ ಆದ್ಮೇಲೆ ಏನೂ ಉಳಿದಿರಲ್ಲ, ಬಿಡು."

ಕೂತೆ. ಎಡಗೈಯಲ್ಲಿ ಹಿಡಿದೆ. ಬಾಯಿ ಸ್ವಲ್ಪ ತೆರೆದು ಮೂಗಿಟ್ಟೆ. ಧೂಳು. ಆರಿದ ಟೀ. ಇನ್ನೇನೂ ಇಲ್ಲ.

"ಏನೂ ಇಲ್ಲ ಸರ್."

ಸರ್ ತಲೆಯಾಡಿಸಿದರು. ಎದುರಿನ ಕುರ್ಚಿ ಎಳೆದುಕೊಂಡರು.

"ಅವತ್ತು ಉಪ್ಪು ಅಂದಿದ್ದೆಯಲ್ಲ. ಎಂಥ ಉಪ್ಪು ಅಂತ ನೀನು ಹೇಳಲೇ ಇಲ್ಲ."

ಗ್ಲಾಸು ಕೆಳಗಿಟ್ಟೆ. ಅಕ್ಕ ನನ್ನನ್ನು ಇಲ್ಲಿಗೆ ಕಳಿಸಿದ ದಿನ ಸರ್, ಬಸ್ಸಿನ ಕಿಟಕಿಗೆ ಮುಖವಿಟ್ಟು ಅತ್ತಾಗ ತುಟಿಗೆ ಇಳಿದ ಉಪ್ಪು, ಅಂದೆ.